ಅಕ್ಕ ಕೇಳಿದ ಎರಡು ಖಾನೆ

ಅಕ್ಕನ ಬಲಗೈ ಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಪಾಲಿಶ್ ಆದ ಫರಸಿಯ, ನೆಲಕ್ಕೆ ಹಾಸುವ ಆ ಕಲ್ಲಿನ, ಮೇಲೆ ಕೈಯಾಡಿಸಿ, ಎಲ್ಲಿ ತರಿ ಉಳಿದಿದೆ ಎಂದು ನೋಡುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ವರ್ಷಗಟ್ಟಲೆ ಹಾಗೆ ಸವರಿ ಸವರಿ ಕಲ್ಲಿನ ಜೊತೆ ಬೆರಳೂ ನುಣ್ಣಗಾಗಿತ್ತು. ಬ್ಯಾಂಕಿನಲ್ಲಿ ಬೆರಳೊತ್ತುವ ಯಂತ್ರ ಅವರನ್ನು ಗುರುತಿಸುತ್ತಿರಲಿಲ್ಲ. "ನಾ ಇಲ್ಲೇ ನಿಂತೀನಿ, ಅದು ನಾ ಇಲ್ಲ ಅಂತದ," ಎಂದು ನಗುತ್ತಿದ್ದರು.

ಬಲಗೈ ಎಂದು ಬರೆದೆನಲ್ಲ, ಅದು ಕಂಡು ಬರೆದದ್ದಲ್ಲ. ಚಹಾದ ಬಸಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು, ಆದ್ದರಿಂದ ಕಲ್ಲು ಮುಟ್ಟುವುದು ಬಲಗೈ ಇರಬೇಕು ಎಂದು ಊಹಿಸಿದ್ದು. ಮುಂದಿನದನ್ನು ಓದುವಾಗಲೂ ಇಷ್ಟು ಎಚ್ಚರ ಇರಲಿ.

ಶಹಾಬಾದದಿಂದ ವಾಡಿಯ ಕಡೆ ಹೋಗುವ ದಾರಿಯಲ್ಲಿ ಅವರ ಪಾಲಿಶ್ ಕಾರ್ಖಾನೆ ಇತ್ತು. ಗಂಡ ತೀರಿಕೊಂಡ ಮೇಲೆ ಅದನ್ನು ಅವರೇ ನಡೆಸಿದರು. ಕೆಲಸದವರಿಗೆ, ಲಾರಿಯವರಿಗೆ, ಊರಿಗೆ ಅವರು ಅಕ್ಕ. ನಾನು ಚಿತ್ತಾಪುರದವನು. ಅಂಗಡಿಗಳಿಗೆ ಹೋಗಿ ಬಿಲ್ಲಿನ ಪ್ರೋಗ್ರಾಂ ಕೂಡಿಸುವುದು, ಕೆಟ್ಟ ಪ್ರಿಂಟರ್ ನೋಡುವುದು, ಇಮೇಲ್ ತೆರೆದುಕೊಡುವುದು ನನ್ನ ಕಸುಬು. ಸೇಡಂ, ವಾಡಿ, ಒಮ್ಮೊಮ್ಮೆ ಚಿಂಚೋಳಿವರೆಗೂ ಅದೇ ಕೆಲಸಕ್ಕೆ ಬಸ್ಸು ಹತ್ತುತ್ತೇನೆ. ಮೊದಲು ಚಿತ್ತಾಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಅಕ್ಕ ನನ್ನ ಹತ್ತಿರ ಏನೂ ಕಲಿತವರಲ್ಲ, ಆದರೂ ನನಗೆ ಮಾಸ್ತರ ಎನ್ನುತ್ತಿದ್ದರು.

ಫರಸಿ ಒಣಗಿದ್ದಾಗ ಎಲ್ಲ ಕಲ್ಲೂ ಒಂದೇ ಬೂದಿ ಬಣ್ಣ. ಗಿರಾಕಿ ಬಂದರೆ ಅಕ್ಕ ಒಂದು ತಂಬಿಗೆ ನೀರನ್ನು ಕಲ್ಲಿನ ಮೇಲೆ ಸುರಿಯುತ್ತಿದ್ದರು. ಆಗ ಒಳಗಿನ ನೀಲಿಯೋ ಹಸಿರೋ ಮೇಲೆ ಬರುತ್ತಿತ್ತು, ಕೂದಲೆಳೆಯಂಥ ಬಿರುಕಿದ್ದರೆ ಅದೂ ಕಾಣುತ್ತಿತ್ತು. ಬಿರುಕು ಕಂಡರೂ ಸುರಿಯುವುದನ್ನು ಅವರು ಬಿಡಲಿಲ್ಲ. "ನೀರ ಹಾಕಿ ನೋಡ್ರಿ" ಎನ್ನುವುದು ಅವರ ಬಾಯಿಮಾತಾಗಿತ್ತು. ಹೊಸ ಮೋಟಾರಿಗೂ ಅದೇ, ಕೆಲಸದವರ ಮನೆಗೆ ಹೆಣ್ಣು ನೋಡಲು ಬಂದ ವರನಿಗೂ ಅದೇ, ಓಟು ಕೇಳಲು ಬಂದವರಿಗೂ ಅದೇ.

ಒಂದು ದಿನ ಫೋನ್ ಮಾಡಿ ಕರೆಸಿದರು. ಹೋದೆ. ಆಫೀಸು ಎಂದು ಕರೆಯುವ ಸಣ್ಣ ಕೋಣೆಯಲ್ಲಿ ಕೂತಿದ್ದರು.

"ಬರ್ರಿ ಮಾಸ್ತರ, ಕುಂದ್ರಿ. ಬಾಗಲ ಮುಚ್ರಿ."

ಹೊರಗೆ ಮಷಿನ್ ಗರಗರ ಎನ್ನುತ್ತಿತ್ತು. ಯಾರಿಗೂ ಏನೂ ಕೇಳಿಸುವ ಹಾಗಿರಲಿಲ್ಲ. ಆದರೂ ಮುಚ್ಚಿದೆ.

"ನನಗ ಹೆಸರು ಮರೀಲಿಕತ್ತಾವ," ಎಂದರು. "ವಯಸ್ಸಿಗೆ ಮರೀತಾವಲ್ಲ, ಹಾಂಗಲ್ಲ. ಕಲಬುರಗಿ ಡಾಕ್ಟರ್ ತಲಿ ಫೋಟೊ ತೆಗಿಸಿ ನೋಡ್ಯಾನ. ಇದು ನಿಲ್ಲಂಗಿಲ್ಲಂತ, ಸಾವಕಾಶ ಎಲ್ಲಾ ನೆನಪ ಹೋಗತದಂತ."

ನಾನು ಏನೋ ಸಮಾಧಾನ ಹೇಳಲು ಬಾಯಿ ತೆರೆದೆ.

"ಸಮಾಧಾನ ಮಾಡಾಕ ಕರೆದಿಲ್ರಿ ನಿಮಗ. ಮೈದುನಗ ಗೊತ್ತಾದ್ರ ಶಟರ್ ಎಳೀತಾನ. ಕೆಟ್ಟವಲ್ಲ ಅವ, ಪ್ರೀತಿಲೇ ಎಳೀತಾನ. ವೈನಿ, ಸಾಕು ಬಿಡ್ರಿ, ಆರಾಮ ಮಾಡ್ರಿ ಅಂತ ಈಗೇ ಅನ್ನಾಕತ್ಯಾನ. ಮನ್ಯಾಗ ಕುಂತ್ರ ಇದ್ದದ್ದೂ ಹೋಗತದ. ಗಿರಾಕಿ ಮಂದೀದು ಎಲ್ಲಾ ನೆನಪ ಇಟ್ಕೊಳ್ಳೋ ಪ್ರೋಗ್ರಾಂ ಇರತಾವಂತಲ್ಲ, ಒಂದು ಆರಿಸಿ ಕೊಡ್ರಿ."

ಟೈಲ್ಸ್ ಬಂದ ಮೇಲೆ ಊರೊಳಗಿನ ಗಿರಾಕಿ ಕಡಿಮೆಯಾಗಿದ್ದರು. ಉಳಿದವರು ದೂರದವರು. ಪುಣೆಯ, ಹೈದರಾಬಾದಿನ ಮನೆ ಕಟ್ಟಿಸುವವರು ಇಮೇಲ್ ಬರೆಯುತ್ತಿದ್ದರು, ಆವತ್ತೇ ಉತ್ತರ ಬೇಕೆನ್ನುತ್ತಿದ್ದರು. ಅಕ್ಕನ ಕಾರ್ಖಾನೆಗಿಂತ ದೊಡ್ಡವು ಸುತ್ತ ಇದ್ದವು. ಜನ ಇಲ್ಲಿಗೆ ಬರುತ್ತಿದ್ದದ್ದು, ಯಾರ ಮನೆಯ ಯಾವ ಕೋಣೆಗೆ ಎಂಥ ಕಲ್ಲು ಹೋಗಿದೆ ಎನ್ನುವುದು ಅಕ್ಕನ ತಲೆಯಲ್ಲಿ ಇರುತ್ತಿತ್ತು ಎಂಬ ಕಾರಣಕ್ಕೆ. ಆ ತಲೆಯೇ ಈಗ ಸೋರುತ್ತಿತ್ತು.

ನಾನು ಕೆಲವು ಪ್ರೋಗ್ರಾಂಗಳನ್ನು ಹುಡುಕಿದೆ. ಮೊದಲನೆಯದು ಹೊರದೇಶದ್ದು. ವಿಡಿಯೊ ಕರೆಯಲ್ಲಿ ಅದನ್ನು ತೋರಿಸಲು ಒಬ್ಬ ಯುವಕ ಬಂದ, ಟೈ ಕಟ್ಟಿದ್ದ, ಹಿಂದಿಯಲ್ಲಿ ಮಾತಾಡಿದ. ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳು: ಹೊಸಬರು, ಮಾತುಕತೆಯಲ್ಲಿರುವವರು, ಗೆದ್ದವರು, ಕೈತಪ್ಪಿದವರು. ಬೆರಳಿನಿಂದ ಎಳೆದರೆ ಗಿರಾಕಿ ಒಂದು ಕಂಬದಿಂದ ಇನ್ನೊಂದಕ್ಕೆ ಜಾರುತ್ತಿದ್ದ. ಅಕ್ಕ ಮರುಳಾದರು. ಆವತ್ತೇ ತೆಗೆದುಕೊಳ್ಳೋಣ ಎಂದರು. ಅವರ ಮಾತನ್ನೇ ಅವರಿಗೆ ತಿರುಗಿಸಿದೆ, "ನೀರ ಹಾಕಿ ನೋಡ್ರಿ ಅಕ್ಕಾ."

ಅಕ್ಕ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು, "ಸೇಡಂ ಕಾಕಾನ ಹಾಕ್ರಿ ಇದರಾಗ," ಎಂದರು.

ಸೇಡಂ ಕಾಕಾ ತೊಗರಿ ವ್ಯಾಪಾರಿ, ಎಂಬತ್ತರ ಆಸುಪಾಸು. ಕಾಗದದಲ್ಲಿ ಒಂದು ಹೆಸರು, ಬಜಾರಿನಲ್ಲಿ ಇನ್ನೊಂದು, ಮನೆಯಲ್ಲಿ ತೆಲುಗಿನದು ಮತ್ತೊಂದು. ಫೋನು ಅಂಗಡಿಯದು, ಇಮೇಲು ಮೊಮ್ಮಗನದು. ಸ್ವಂತಕ್ಕೆ ಕಲ್ಲು ಕೊಂಡು ಎಷ್ಟೋ ಕಾಲವಾಗಿತ್ತು, ಆದರೆ ಮನೆ ಕಟ್ಟಿಸುವವರು ಯಾರು ಸಿಕ್ಕರೂ ಅಕ್ಕನ ಕಡೆ ಅಟ್ಟುತ್ತಿದ್ದರು. ಇಂಥ ಗಿರಾಕಿಯನ್ನು ಹಿಡಿದಿಟ್ಟ ಪ್ರೋಗ್ರಾಂ ಉಳಿದವರನ್ನೂ ಹಿಡಿದೀತು ಎನ್ನುವುದು ಅಕ್ಕನ ವಾದ. ಟೈ ಯುವಕ ಒಂದಷ್ಟು ತಡಕಾಡಿ ಕಾಕಾನನ್ನು ಕೈತಪ್ಪಿದವರ ಕಂಬಕ್ಕೆ ಹಾಕಿದ.

"ಅವರ ಎಲ್ಲಿ ಕೈ ತಪ್ಯಾರೋ ತಮ್ಮಾ? ಹ್ವಾದ ವಾರ ಇಬ್ಬರನ್ನ ಕಳಿಸ್ಯಾರ," ಎಂದರು ಅಕ್ಕ ಕನ್ನಡದಲ್ಲೇ. ಅವನಿಗೆ ತಿಳಿಯಲಿಲ್ಲ. ಆಮೇಲೆ ದಖನಿ ಉರ್ದುವಿನಲ್ಲಿ ಇನ್ನೊಂದು ಕೇಳಿದರು: ನಾಳೆ ನಿಮ್ಮ ಪ್ರೋಗ್ರಾಂ ಬಿಟ್ಟು ಹೋಗುವುದಾದರೆ ನಮ್ಮ ಮಂದಿಯನ್ನು ನಮ್ಮ ಜೊತೆ ಕರೆದುಕೊಂಡು ಹೋಗಬಹುದೇ? ಹೆಸರು, ನಂಬರು, ಬರೆದಿಟ್ಟ ಮಾತು ಎಲ್ಲ? ಅವನು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದ. ಕೇಳಿದನೋ ಇಲ್ಲವೋ, ಹೇಳಲಿಲ್ಲ.

ಇನ್ನೊಂದು ಫೋನಿನಲ್ಲಿ ಚೆನ್ನಾಗಿತ್ತು, ನೆಟ್ ಹೋದರೆ ಕುರುಡಾಗುತ್ತಿತ್ತು. ನಮ್ಮ ಕಡೆ ಕರೆಂಟಿನ ಜೊತೆ ನೆಟ್ಟೂ ಹೋಗುತ್ತದೆ. ಮತ್ತೊಂದರಲ್ಲಿ ಕನ್ನಡದ ಒತ್ತಕ್ಷರ ಕಳಚಿ ಬೀಳುತ್ತಿತ್ತು. ಕಡೆಗೆ ಉಳಿದದ್ದು ನೋಡಲು ಸಪ್ಪಗಿನ ಒಂದು ಸಣ್ಣ ಪ್ರೋಗ್ರಾಂ. ನೆಟ್ ಇಲ್ಲದಾಗಲೂ ಬರೆದಿಡಬಹುದು, ಬೇಡವಾದ ದಿನ ಎಲ್ಲವನ್ನೂ ಇಳಿಸಿಕೊಳ್ಳಬಹುದು, ಗಿರಾಕಿಯ ವಿವರ ತುಂಬುವ ಖಾನೆಗಳಲ್ಲಿ ನಮಗೆ ಬೇಕಾದವನ್ನು ನಾವೇ ಸೇರಿಸಬಹುದು. ಅದಕ್ಕೆ ಇಮೇಲ್ ಕಳಿಸುವ ಇನ್ನೊಂದನ್ನು ಜೋಡಿಸಬೇಕಿತ್ತು. ಒಂದೇ ಕಾಗದವನ್ನು ಎಲ್ಲರಿಗೂ ಒಟ್ಟಿಗೆ ಕಳಿಸಿದರೆ ಕಸದ ಡಬ್ಬಿಗೆ ಬೀಳುತ್ತದೆ, ಇದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಮೇಲೆ ಅವರವರ ಹೆಸರು ಹಾಕಿ ಕಳಿಸುತ್ತದೆ ಎಂದೆ.

"ಎದುರಿಗೆ ಕುಂತು ಮಾತಾಡಿದಾಂಗ?"

"ಹೌದ್ರಿ."

"ಮೊದಲ ಏನಂತ ಬರೀತದ?"

"ಪ್ರಿಯ ಅಂತದ, ಮುಂದ ಹೆಸರು."

"ವಾಡಿ ಗುತ್ತೇದಾರಗ ನಾ ಪ್ರಿಯ ಅಂದ್ರ, ಅವನ ಹೆಂಡತಿ ಕಸಬರಿಗಿ ತೊಗೊಂಡು ರೈಲ ಹತ್ತತಾಳ," ಎಂದರು. ಆಮೇಲೆ ನಗು ನಿಲ್ಲಿಸಿ, "ಎರಡು ಖಾನಿ ಹೆಚ್ಚಿಗಿ ಹಾಕ್ರಿ ಮಾಸ್ತರ. ನಾ ಅವರಿಗೆ ಏನಂತೀನಿ, ಒಂದು. ಅವರ ನನಗ ಏನಂತಾರ, ಒಂದು. ಹೆಸರು ಮರತ್ರ ಮಂದಿ ಮಾಫ್ ಮಾಡ್ತಾರ್ರಿ. ಇಷ್ಟು ದಿನ ಕಾಕಾ ಅಂದವರಿಗೆ ಒಂದಿನ ಸಾಹೇಬ್ರ ಅಂದ್ರ ಮುಗೀತು, ಚಹಾನೂ ಕುಡಿಯಂಗಿಲ್ಲ."

ಹಾಕಿದೆ. ಅಕ್ಕ ಹೇಳುತ್ತ ಹೋದರು, ನಾನು ತುಂಬುತ್ತ ಹೋದೆ. ಅಣ್ಣ, ಮಾಮಾ, ಶರಣರು, ಭಾಯ್, ಅಳಿಯಾ. ಹೆಸರಿಗೆ ತಡವರಿಸುತ್ತಿದ್ದರು. ಕೆಲವೊಮ್ಮೆ ನನ್ನ ಮುಖ ನೋಡಿ ನಿಲ್ಲುತ್ತಿದ್ದರು, ಮುಖದ ಮೇಲೆ ಆ ಹೆಸರು ಬರೆದಿರಬಹುದೇನೋ ಎನ್ನುವಂತೆ. ಆದರೆ ಆ ಎರಡು ಖಾನೆಗಳಿಗೆ ಒಮ್ಮೆಯೂ ತಡವರಿಸಲಿಲ್ಲ. ಒಮ್ಮೆಯೂ ಎನ್ನುವುದು ನನ್ನ ನೆನಪಿನ ಪಾಲಿಶ್ ಇರಬಹುದು. ಬಹಳ ಕಡಿಮೆ ಎಂದು ಇಟ್ಟುಕೊಳ್ಳಿ.

ಮೊದಲ ಕಾಗದವನ್ನು ತಾವೇ ಕಳಿಸುತ್ತೇನೆ ಎಂದು ಹಟ ಹಿಡಿದರು. ಹೊಸ ಪಾಲಿಶ್ ಮಷಿನ್ ಬಂದಿದೆ, ಕಲ್ಲು ನೋಡಲು ಬರ್ರಿ, ಇಷ್ಟೇ ವಿಷಯ. ಮೇಲೆ ಪ್ರಿಯದ ಬದಲು ಖಾನೆಯೊಳಗಿನ ಮಾತು, ಮುಂದೆ ಶರಣು. ನಾನು ಆವತ್ತು ಚಿಂಚೋಳಿಯಲ್ಲಿದ್ದೆ. ಅಕ್ಕ ಒಬ್ಬರೇ ಕೂತು ಖಾನೆ ಆರಿಸಿದರು, ಗುಂಡಿ ಒತ್ತಿದರು. ಆರಿಸಿದ್ದು ಎರಡನೆಯ ಖಾನೆ. ಅವರು ಗಿರಾಕಿಗಳಿಗೆ ಏನೆನ್ನುತ್ತಾರೋ ಅದಲ್ಲ, ಗಿರಾಕಿಗಳು ಅವರಿಗೆ ಏನೆನ್ನುತ್ತಾರೋ ಅದು.

ಮೀಸೆ ಹೊತ್ತ ಗಂಡಸರಿಗೆಲ್ಲ "ಅಕ್ಕಾ, ಶರಣು" ಎಂದು ಕಾಗದ ಹೋಯಿತು. ಹೈದರಾಬಾದಿನ ಒಬ್ಬರಿಗೆ "ಮೇಡಂ, ಶರಣು." ಅವರು ತಾವು ಗಂಡಸು ಎಂದು ವಿನಯದಿಂದ ತಿಳಿಸಿ, ಕೆಳಗೆ ಕಲ್ಲಿನ ಅಳತೆ ಬರೆದಿದ್ದರು. ಅಕ್ಕನನ್ನು ಅತ್ತಿಗೆಯಂತೆ ಕರೆಯುತ್ತಿದ್ದ ವಾಡಿ ಗುತ್ತೇದಾರರಿಗೆ "ವೈನಿ" ಎಂದು ಹೋಗಿತ್ತು. ಅದನ್ನು ಯಾರೋ ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಅವರು ಮತ್ತೆ ಬರಲಿಲ್ಲ, ಬೇರೆ ಕಾರ್ಖಾನೆ ಹಿಡಿದರು. ಈ ಕತೆ ಹೇಳುವಾಗ ಗುತ್ತೇದಾರರನ್ನು ನಾನು ಎಷ್ಟೋ ಸಲ ಬಿಟ್ಟುಬಿಟ್ಟಿದ್ದೇನೆ. ಎಲ್ಲರೂ ನಕ್ಕರು ಎಂದರೆ ಕೇಳುವವರಿಗೆ ಹಿತ. ಎಲ್ಲರೂ ನಗಲಿಲ್ಲ.

ಸೇಡಂ ಕಾಕಾ ಅಕ್ಕನನ್ನು ಮಗಳೇ ಎನ್ನುತ್ತಿದ್ದರು. ಆದ್ದರಿಂದ ಅವರಿಗೆ ಹೋದದ್ದು "ಮಗಳೇ, ಶರಣು." ಮೊಮ್ಮಗ ಓದಿ ಹೇಳಿದ್ದಾನೆ. ಕಾಕಾ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿ, ಬಂದೇ ಬಿಟ್ಟರು. ನಾನು ಆಫೀಸಿನಲ್ಲಿ ತಪ್ಪು ಖಾನೆ ಸರಿ ಮಾಡುತ್ತಿದ್ದೆ. ಗೇಟಿನಿಂದಲೇ ದನಿ ಕೇಳಿತು.

"ಎಲ್ಲಿದ್ದಾಳ ನಮ್ಮವ್ವ? ನನಗ ಮಗಳ ಅಂತ ಕಾಗದ ಹಾಕ್ಯಾಳ. ತವರಮನಿಗೆ ಬಂದೀನಿ. ಸೀರಿ ಉಡಿಸಿ ಕಳಸ್ರಿ."

ಕೆಲಸದವರು ಮಷಿನ್ ನಿಲ್ಲಿಸಿದರು. ಮೈದುನ ಲಾರಿಯ ಹತ್ತಿರ ನಿಂತಿದ್ದ. ಅಕ್ಕ ಹೊರಗೆ ಬಂದು ಕಾಕಾನ ಮುಖ ನೋಡಿದರು. ನನಗೆ ಕಂಡಿತು, ಆ ಮುಖಕ್ಕೆ ಹೆಸರು ಬರುತ್ತಿಲ್ಲ. ಮೂರು ಹೆಸರಿನ ಮನುಷ್ಯ, ಒಂದೂ ಬರುತ್ತಿಲ್ಲ. ಮೈದುನ ಇವರ ಕಡೆ ನೋಡುತ್ತಿದ್ದ. ಅಕ್ಕನ ಬೆರಳುಗಳು ಪಕ್ಕದ ಫರಸಿಯ ಅಂಚನ್ನು ಸವರುತ್ತಿದ್ದವು.

"ಬರ್ರಿ ಕಾಕಾ," ಎಂದರು. "ಸೀರಿ ಇಲ್ಲ, ಫರಸಿ ಅದ. ಉಡ್ತೀರೇನು?"

ಕಾಕಾ ಕೆಮ್ಮು ಬರುವವರೆಗೆ ನಕ್ಕರು. ಚಹಾ ಕುಡಿದು, ಹೊಸ ಮಷಿನ್ ನೋಡಿ, ಕಲ್ಲಿಗೆ ನೀರು ಹಾಕಿಸಿ ನೋಡಿ ಹೋದರು. ಮೈದುನ ಹತ್ತಿರ ಬಂದ.

"ಯಾರು ವೈನಿ ಇವರು?"

"ಕಾಕಾ."

"ಯಾವ ಕಾಕಾ?"

"ನನ್ನ ಕಾಕಾ. ನಿನಗೇನಾಗಬೇಕಾಗ್ಯದ?"

ಅವನು ನಕ್ಕು ಲಾರಿಯ ಕಡೆ ಹೋದ. ಅಕ್ಕ ಒಳಗೆ ಬಂದು ಕುರ್ಚಿಯಲ್ಲಿ ಕುಸಿದರು. "ಹೆಸರು ಬರ್ಲಿಲ್ರಿ ಮಾಸ್ತರ. ಅದೊಂದು ಮಾತು ಬಂತು," ಎಂದರು. ಅದೊಂದು ಮಾತಿನ ಮೇಲೆ ಅಕ್ಕ ಇನ್ನೂ ಕೆಲವು ವರ್ಷ ಕಾರ್ಖಾನೆ ನಡೆಸಿದರು.

ಇಲ್ಲಿಗೆ ನಿಲ್ಲಿಸಿದರೆ ಕತೆ ಚೆಂದ. ಆದರೆ ಈಚೆಗೆ ಆ ಮೈದುನನನ್ನೇ ಕೇಳಿದೆ. "ಅವತ್ತು ನಾ ಶಹಾಬಾದದಾಗ ಇರ್ಲೇ ಇಲ್ರಿ, ಸೊಲ್ಲಾಪುರಕ್ಕ ಲೋಡ್ ತೊಗೊಂಡು ಹೋಗಿದ್ದೆ," ಎಂದ. ಹಾಗಾದರೆ "ಯಾರು ವೈನಿ" ಎಂದು ಕೇಳಿದವರು ಯಾರು? ಲಾರಿಯ ಹತ್ತಿರ ನಾನು ಯಾರನ್ನು ನಿಲ್ಲಿಸಿಕೊಂಡಿದ್ದೇನೆ? ಗೊತ್ತಿಲ್ಲ. ಅವನು ಇನ್ನೊಂದು ಮಾತು ಸೇರಿಸಿದ: "ವೈನಿಗೆ ಮರವು ಆಗ್ಯದ ಅಂತ ನನಗ ಮೊದಲೇ ಗೊತ್ತಿತ್ರಿ. ದವಾಖಾನಿಗೆ ಕರ್ಕೊಂಡು ಹ್ವಾದ ಕಾರಿನವ ನನ್ನ ದೋಸ್ತ."

"ಮತ್ತ ಶಟರ್ ಎಳೀಲಿಲ್ಲಲ್ಲ ನೀವು?"

"ದಿನಾ ಮುಂಜಾನೆದ್ದು ಆ ಕಂಪ್ಯೂಟರ್ ಮುಂದ ಕುಂತು ಮಂದೀನ ಬಾಯಿಪಾಠ ಮಾಡ್ತಿದ್ದಳ್ರಿ. ಹ್ಯಾಂಗ ಎಳೀಲಿ?"

ಅಕ್ಕ ಮರೆಮಾಚಿದ್ದೆಲ್ಲ, ಮರೆಮಾಚಬೇಕಾದವನಿಗೆ ಗೊತ್ತೇ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಬಾಗಿಲನ್ನು ತೆರೆದು ಹಿಡಿದಿದ್ದರು.

ಅಕ್ಕ ಹೋಗಿ ಹೆಚ್ಚು ಕಾಲವಾಗಿಲ್ಲ. ಕಾರ್ಖಾನೆ ಈಗ ಮೈದುನನದು, ಪ್ರೋಗ್ರಾಂ ಅದೇ. ಯಾವ ಅಂಗಡಿಗೆ ಹೋದರೂ ನಾನು ಮೊದಲು ಆ ಎರಡು ಖಾನೆ ಸೇರಿಸುತ್ತೇನೆ. ಕೆಲವರು ಇದೇಕೆ ಎಂದು ಅಳಿಸಿ ಹಾಕುತ್ತಾರೆ. ಕೆಲವರು ತುಂಬುತ್ತಾರೆ. ಅಕ್ಕನ ಹತ್ತಿರ ಕಲಿತ ಕಸುಬು ಇಷ್ಟು, ಇದರ ಮೇಲೆ ನನ್ನ ಹೊಟ್ಟೆ ನಡೆಯುತ್ತಿದೆ.

ಅಕ್ಕನನ್ನು ಕೊನೆಗೆ ನೋಡಿದ್ದು ಅವರ ಮನೆಯಲ್ಲಿ. ಹಣೆಯ ಮೇಲೆ ವಿಭೂತಿ, ತೊಡೆಯ ಮೇಲೆ ಒಂದು ಸಣ್ಣ ಫರಸಿ ತುಂಡು. ಅದನ್ನು ಸವರುತ್ತ ಕೂತಿದ್ದರು. ನಾನು ಎದುರಿಗೆ ಕೂತೆ. ಬಹಳ ಹೊತ್ತು ನೋಡಿದರು. ಹೆಸರು ಕೇಳಲಿಲ್ಲ.

"ನಾ ನಿಮಗ ಏನಂತಿದ್ದೆ?"

"ಮಾಸ್ತರ ಅಂತಿದ್ರಿ ಅಕ್ಕಾ."

ಆ ಮಾತನ್ನು ಬಾಯೊಳಗೆ ತಿರುಗಿಸಿ ನೋಡಿದರು. ಕಲ್ಲಿನ ಮೇಲೆ ಬೆರಳು ನಿಂತಿತು.

"ಅದು ಭಾಳ ದೂರ ಆಯ್ತಲ್ರಿ. ಬದ್ಲಿ ಮಾಡ್ರಿ."

"ಏನಂತ ಹಾಕ್ಲಿ?"

"ತಮ್ಮಾ ಅಂತ ಹಾಕು," ಎಂದರು ಅಕ್ಕ.