ಮನಸ್ಸಿನ ಡಾಕ್ಟರ ಬಳಿಗೆ ಕರೆದೊಯ್ದ ಮೇಸ್ತ್ರಿ

ನಮ್ಮ ಮೇಸ್ತ್ರಿಯ ಎಡಗೈಯಲ್ಲಿ ಮೂರೇ ಬೆರಳು. ಆ ಮೂರರಲ್ಲಿ ಟೀ ಲೋಟ ಹಿಡಿದು, ಒಂದು ತೊಟ್ಟೂ ಚೆಲ್ಲದಂತೆ ಸೈಕಲ್ ತುಳಿಯುತ್ತಾ ಅಂತರಸನಹಳ್ಳಿಯ ಕಾರ್ಖಾನೆಯ ಗೇಟು ದಾಟುತ್ತಿದ್ದರು. ಬೈಯುವಾಗಲೂ ನಗುತ್ತಿದ್ದುದರಿಂದ ಅವರ ಬೈಗುಳ ಯಾರಿಗೂ ತಾಗುತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನಾನು ಕೊತ್ತಗೆರೆಯಿಂದ ಬಂದು ಅಲ್ಲಿ ತಗಡು ಕತ್ತರಿಸುವ ಪ್ರೆಸ್ ಮೆಷಿನ್ನಿಗೆ ಸೇರಿದ್ದೆ. ಒಂದು ದಿನ ಪಕ್ಕದ ಮೆಷಿನ್ನಿನವನ ಕೈ ಜಜ್ಜಿಹೋಯಿತು. ಅಂದಿನಿಂದ ಮೆಷಿನ್ ಮುಂದೆ ನಿಂತರೆ ನನಗೆ ಬೆವರು, ನಡುಕ. ಮನಸ್ಸಿನ ಡಾಕ್ಟರಿಂದ ಸರ್ಟಿಫಿಕೇಟು ತಂದರೆ ಮಾತ್ರ ಕೆಲಸ ಎಂದರು ಆಫೀಸಿನವರು. ಹುಚ್ಚನೆಂದು ಬರೆದುಬಿಟ್ಟರೆ? ಆಗಷ್ಟೇ ಮದುವೆಯಾಗಿತ್ತು.

ಮೇಸ್ತ್ರಿ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದರು. ತುಮಕೂರಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಗೊಣಗುತ್ತಿದ್ದೆ: "ನಿದ್ದೆ ಚೆನ್ನಾಗಿ ಬರ್ತದೆ ಸಾರ್, ಭಯ ಏನಿಲ್ಲ ಸಾರ್."

"ಏನ್ಲಾ ಅದು, ಮಗ್ಗಿನಾ?" ಎಂದರು ಮೇಸ್ತ್ರಿ.

"ಒಳಗೆ ಏನ್ಮಾಡ್ತಾರೆ ಮೇಸ್ತ್ರಿ? ಕರೆಂಟ್ ಕೊಡ್ತಾರಾ?"

"ಬರೀ ಮಾತು ಕಣೋ. ನಿದ್ದೆ, ಊಟ, ಹೆಂಡ್ತಿ ಬಗ್ಗೆ ಕೇಳ್ತಾರೆ. ನೂರರಿಂದ ಏಳೇಳು ಕಳಿ ಅಂತಾರೆ. ಮಸಿ ಚೆಲ್ಲಿರೋ ಹಾಳೆ ತೋರ್ಸಿ ಏನು ಕಾಣ್ತದೆ ಅಂತಾರೆ. ನಂಗೆ ಕೋಳಿ ಕಾಣ್ತು. ಹಸಿದಿದ್ದೆ ನೋಡು."

"ನೀವೂ ಬಂದಿದ್ರಾ?"

ಮೇಸ್ತ್ರಿ ಎಡಗೈಯನ್ನು ನನ್ನ ಮುಂದೆ ಚಾಚಿದರು. "ಎರಡು ಸಲ. ಮೊದಲ್ನೇ ಸಲ ನಿನ್ನಂಗೇ ಬಾಯಿಪಾಠ ಮಾಡ್ಕೊಂಡು ಬಂದು, ಎಲ್ಲಾ ಚೆನ್ನಾಗೈತೆ ಅಂದೆ. ಅವ್ರೂ ಹಂಗೇ ಬರ್ಕೊಟ್ರು. ನಡುಗೋ ಕೈಲೇ ಹೋಗಿ ಮೆಷಿನ್ ಮುಂದೆ ನಿಂತೆ. ವಾರದೊಳಗೆ ಬೆರಳು ಹೋದ್ವು. ಆಮೇಲೆ ಎರಡ್ನೇ ಸಲ ಬಂದು ನಿಜ ಹೇಳ್ದೆ. ಡಾಕ್ಟ್ರಿಗೆ ಸುಳ್ಳು ಹೇಳ್ಬೋದು ಕಣೋ, ಮೆಷಿನ್‌ಗೆ ಹೇಳಕ್ಕಾಗಲ್ಲ."

ಒಳಗೆ ಹೋಗಿ ನಿಜವನ್ನೇ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, "ಇದು ಹೆದರಿಕೆ, ಹುಚ್ಚಲ್ಲ. ಮೂರು ತಿಂಗಳು ಮೆಷಿನ್ ಬೇಡ, ವಾರಕ್ಕೊಂದ್ಸಲ ಬಂದು ಮಾತಾಡಿ" ಎಂದು ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಮೇಸ್ತ್ರಿಯೇ ಆಫೀಸಿಗೆ ಹೋಗಿ ನನ್ನನ್ನು ಸ್ಟೋರಿಗೆ ಹಾಕಿಸಿದರು. ನನಗೆ ಆ ಕೆಲಸ ಹಿಡಿಸಿತು. ರಿಟೈರಾಗುವವರೆಗೂ ಅಲ್ಲೇ ನೆಮ್ಮದಿಯಾಗಿದ್ದೆ.

ಮೇಸ್ತ್ರಿ ತಮ್ಮ ಊರು ಹುಲಿಯೂರುದುರ್ಗದಲ್ಲಿ ತೀರಿಕೊಂಡ ಸುದ್ದಿ ತಿಳಿದ ದಿನವೇ ಬಸ್ಸು ಹತ್ತಿದೆ. ಅವರ ಹೆಂಡತಿ ನನ್ನ ಮುಖವನ್ನೇ ನೋಡಿ ಕೇಳಿದರು: "ನೀವೂ ಇವ್ರ ಜೊತೆ ಡಾಕ್ಟ್ರತ್ರ ಹೋಗಿದ್ದೋರಾ?"

"ಹೂಂ ಕಣಮ್ಮ" ಎಂದೆ. ಮೇಸ್ತ್ರಿ ಬೇರೆಯವರನ್ನೂ ಹಾಗೆ ಕರೆದೊಯ್ದಿದ್ದರೆಂದು ನನಗೆ ಗೊತ್ತಾದದ್ದೇ ಆಗ. ಗೋಡೆಗೊರಗಿ ಕೂತಿದ್ದ ನಾಲ್ಕೈದು ಅಪರಿಚಿತರು ತಲೆಯೆತ್ತಿ ನೋಡಿದರು. ಒಬ್ಬರು ಚಾಪೆಯ ಮೇಲೆ ಸರಿದು ಕೂತು, ನನಗೆ ಜಾಗ ಮಾಡಿಕೊಟ್ಟರು.