ಇಲಿಯ ಮುಖ

ಜಗಳೂರಿನ ಹತ್ತಿರದ ಒಂದು ಶೇಂಗಾ ಹೊಲದಲ್ಲಿ ನೆಟ್ಟ ಕೋಲಿನ ಮೇಲೆ ಕೆಂಪು ಕಣ್ಣಿನ ಬಿಳಿ ಗಿಡುಗ ಕೂತಿತ್ತು. ನಾನು ಬದುವಿನ ಮೇಲೆ ಕ್ಯಾಮೆರಾ ಹಿಡಿದು ಕೂತೆ. ಹೊಲದೊಡತಿ ರತ್ನಮ್ಮ ಬಂದರು. ಗಿಡುಗ ಕೂತು ಇಲಿ ಹಿಡಿಯಲಿ ಅಂತ ಕೋಲು ನೆಟ್ಟವರು ಅವರೇ.

“ಫೋಟೋ ತೆಗೀರಿ, ಬ್ಯಾಡ ಅನ್ನಲ್ಲ. ಇಲಿ ಮುಖ ಚೆಂದಾಗಿ ಕಾಣ್ಬೇಕು ನೋಡ್ರಿ.”

ನಾವು ಫೋಕಸ್ ಮಾಡುವುದು ಹಕ್ಕಿಯ ಕಣ್ಣಿಗೆ. ಇಲಿ ಯಾಕಮ್ಮ ಅಂದೆ.

“ನನ್ನ ಶೇಂಗಾ ತಿನ್ನೋನು ಹೆಂಗೈದಾನೆ ಅಂತ ನೋಡ್ಬೇಕ್ರೀ.”

ಅಷ್ಟರಲ್ಲಿ ಗಿಡುಗ ಎದ್ದು, ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯಿತು. ನಾನು ಕ್ಯಾಮೆರಾ ಎತ್ತಿ ಕ್ಲಿಕ್ಕಿಸತೊಡಗಿದೆ. ಅದು ಕಲ್ಲಿನಂತೆ ಬಿತ್ತು, ಏಳುವಾಗ ಕಾಲಲ್ಲಿ ಇಲಿ ಇತ್ತು. ಬಿಸಿಲಲ್ಲಿ ಬೆಳ್ಳಗೆ ಹೊಳೆಯುತ್ತ ನಮ್ಮ ತಲೆಯ ಮೇಲೇ ಹಾದುಹೋಯಿತು. ಅಂಥ ಬೇಟೆ ನಾನು ಮತ್ತೆ ನೋಡಿಲ್ಲ.

ಫೋಟೋದಲ್ಲಿ ಮಾತ್ರ ಗಿಡುಗದ ಮುಖ ಮಸುಕು, ಇಲಿಯ ಮೀಸೆ ಎಳೆಎಳೆಯಾಗಿ ಕಾಣುತ್ತಿತ್ತು. ಒಂದು ಪ್ರಿಂಟ್ ರತ್ನಮ್ಮನಿಗೆ ಕೊಟ್ಟೆ.

ಮುಂದಿನ ಸಲ ಹೋದಾಗ ಅದು ಪ್ಲಾಸ್ಟಿಕ್ ಕವರಿನೊಳಗೆ, ಬೆದರುಬೊಂಬೆಯ ಕೊರಳಲ್ಲಿ ನೇತಾಡುತ್ತಿತ್ತು.

“ಉಳಿದೋರೂ ನೋಡ್ಲಿ ಅಂತ ಹಾಕೀನಿ,” ಅಂದರು.

ನನ್ನ ಚಿತ್ರ ಪ್ರದರ್ಶನ ಕಂಡಿದ್ದು ಅದೊಂದೇ ಕಡೆ. ನೋಡುವವರು ಕತ್ತಲಾದ ಮೇಲೆ ಬರುತ್ತಾರಂತೆ.