ಕ್ಲಬ್ಬಿಗೆ ಬಾರಿಸಿದ ಸಾವಿನ ತಾಳ

ದೆವ್ವ, ಶಕುನ, ನಾಲಿಗೆಯ ಮೇಲಿನ ಮಚ್ಚೆ, ಇವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಅಂಥ ಕತೆ ತೆಗೆದರೆ ಗೇಲಿ ಮಾಡುತ್ತಿದ್ದವನು. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ಸುಂಟಿಕೊಪ್ಪದ ಒಂದು ಪೇಂಟ್ ಅಂಗಡಿಯ ಮಹಡಿಯಲ್ಲಿ ನಮ್ಮ ಸಂಗೀತ ಕ್ಲಬ್ಬಿತ್ತು. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರೊಬ್ಬರು ಹಳೆಯ ಹಾರ್ಮೋನಿಯಂ ತಂದಿಟ್ಟು ಶುರುಮಾಡಿದ್ದು. ಐವತ್ತು ಕುರ್ಚಿ ಹಾಕಿದರೆ ಕಾಲಿಡಲು ಜಾಗವಿಲ್ಲ. ಭಾನುವಾರ ಮಧ್ಯಾಹ್ನ ಸಂತೆ ಮುಗಿಸಿದ, ತೋಟದ ಲೈನ್ ಮನೆಗಳ ಕೂಲಿ ಜನ ಚೀಲ ಸಮೇತ ಮೆಟ್ಟಿಲು ಹತ್ತಿ ಬರುತ್ತಿದ್ದರು. ಕನ್ನಡ, ಮಲಯಾಳಂ, ತಮಿಳು, ತುಳು, ಯಾವ ಹಾಡು ಕೇಳಿದರೂ ಇಲ್ಲವೆನ್ನುವ ಹಾಗಿರಲಿಲ್ಲ. ಅಲ್ಲಿ ಹಾಡಿ ದೊಡ್ಡ ಹೆಸರು ಮಾಡಿದವರು ಯಾರೂ ಇಲ್ಲ. ಕಟ್ಟಡ ಕೆಡವುತ್ತಾರೆಂದು ಗೊತ್ತಾದಾಗ ಕ್ಲಬ್ಬಿನ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಕಟ್ಟಿದರು. ಮೇಷ್ಟ್ರಲ್ಲವೇ, ಬರೆಯಲಿ ಎಂದು.

ಬರೆದರೆ ಸಾಲದು, ದನಿಯೂ ಉಳಿಯಲಿ ಎಂದು ಒಂದು ಭಾನುವಾರ ಎಲ್ಲವನ್ನೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಮೊದಲು ಗಿಟಾರಿನ ಪೊನ್ನಪ್ಪ ಹಾಡಿದ. ಚೆಟ್ಟಳ್ಳಿಯ ತೋಟಕ್ಕೆ ಕಾಫಿ ಕೊಯ್ಯುವ ಪಿಕ್ಕಿಂಗಿನವರನ್ನು ಜೀಪಿನಲ್ಲಿ ಒಯ್ಯುವವನು, ನನ್ನ ಗೆಳೆಯ. ಆಮೇಲೆ ವಾಲಗದ ಡೋಲಿನ ಚೋಮಣ್ಣ. ನಮ್ಮಲ್ಲಿ ಮದುವೆಗೂ ವಾಲಗ, ಸಾವಿಗೂ ವಾಲಗ. ತಾಳ ಮಾತ್ರ ಬೇರೆ. ಸಾವಿನದನ್ನು ಕ್ಲಬ್ಬಿನೊಳಗೆ ಯಾರೂ ಬಾರಿಸಿದ್ದಿಲ್ಲ. ಅದೂ ದಾಖಲಾಗಲಿ ಎಂದು ನಾನೇ ಹಟ ಹಿಡಿದೆ.

"ಯಾರಿಗೆ ಅಂತ ಹೇಳಿ ಮೇಷ್ಟ್ರೇ," ಎಂದರು ಚೋಮಣ್ಣ. "ಹೆಸರಿಲ್ದೆ ಬಾರಿಸಿದ್ರೆ ಅದು ಆಳು ಹುಡುಕ್ತದೆ."

"ಈ ಕ್ಲಬ್ಬಿಗೇ ಬಾರಿಸಿ," ಎಂದೆ. ಪೊನ್ನಪ್ಪ ಜೋರಾಗಿ ನಕ್ಕ. ಚೋಮಣ್ಣ ನಗದೆ ಒಂದು ಸುತ್ತು ಬಾರಿಸಿ ಡೋಲು ಕೆಳಗಿಟ್ಟರು.

ಆ ಗುರುವಾರ ಪೊನ್ನಪ್ಪನ ಜೀಪು ತಿರುವಿನಲ್ಲಿ ಉರುಳಿತು. ಜನರನ್ನು ಇಳಿಸಿ ಒಬ್ಬನೇ ವಾಪಸಾಗುತ್ತಿದ್ದ, ಸ್ಥಳದಲ್ಲೇ ಹೋದ. ಅವನ ಅಂಗಳದಲ್ಲಿ ಅದೇ ತಾಳ ಬಾರಿಸುವಾಗ ಚೋಮಣ್ಣ ನನ್ನ ಕಡೆ ನೋಡಲಿಲ್ಲ. ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡೆ.

ಹನ್ನೊಂದನೆಯ ದಿನದ ಕರ್ಮ ಕಳೆದ ಮೇಲೆ ಅವನ ಹೆಂಡತಿ ಕಾವೇರಿ ಕ್ಲಬ್ಬಿಗೆ ಬಂದರು. ಅವನ ಹಾಡು ಬೇರೆಲ್ಲೂ ಉಳಿದಿರಲಿಲ್ಲ. ಮೊಬೈಲನ್ನು ಅವರ ಕೈಗೇ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದರು. ಹಾಡು ಮುಗಿದು, ನಿಲ್ಲಿಸಲು ನಾನು ಕೈ ಚಾಚುವಷ್ಟರಲ್ಲಿ ಚೋಮಣ್ಣನ ಪ್ರಶ್ನೆ ಬಂತು. ಅದರ ಹಿಂದೆಯೇ ನನ್ನ ದನಿ: "ಪೊನ್ನಪ್ಪನಿಗೆ ಬಾರಿಸಿ." ಆಮೇಲೆ ಅವನ ನಗು.

ಆ ದಿನ ಅಲ್ಲಿದ್ದವರನ್ನೆಲ್ಲ ಕೇಳಿದ್ದೇನೆ. ನಾನು ಹೇಳಿದ್ದು ಕ್ಲಬ್ಬಿಗೆಂದೇ ಎಂದು ಚೋಮಣ್ಣ ಸೇರಿ ಎಲ್ಲರೂ ಆಣೆ ಮಾಡುತ್ತಾರೆ. ರೆಕಾರ್ಡಿಂಗ್ ಇವತ್ತಿಗೂ ನನ್ನ ಬಳಿ ಇದೆ. ಎಷ್ಟು ಸಲ ಹಾಕಿದರೂ ಅದೇ ಮಾತು, ನನ್ನದೇ ದನಿ. ಕ್ಲಬ್ಬಿನ ಚರಿತ್ರೆಯನ್ನು ನಾನು ಬರೆದು ಮುಗಿಸಲಿಲ್ಲ.

"ಅವ್ರು ನಿಮ್ಗೆ ಏನು ಮಾಡಿದ್ರು ಮೇಷ್ಟ್ರೇ?" ಎಂದು ಕಾವೇರಿ ಅವತ್ತು ಮೆಲ್ಲಗೆ ಕೇಳಿದ್ದರು.

ನಾನು ಹಾಗೆ ಹೇಳಲಿಲ್ಲ ಎಂದೆ. ಅವರಿಗೆ ನಾನು ಹೇಳಿದ್ದು ನಿಜವೋ ಸುಳ್ಳೋ, ನನಗೇ ಗೊತ್ತಿಲ್ಲ.